ಮೆಷಿನ್ ಬಿಟ್ಟು ನಿಂತು ನೋಡುವ ಕೆಲಸ

ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ಕ್ಲಬ್ಬಿನ ಮ್ಯಾನೇಜರ್ ಆಗಿದ್ದ ಅಲೆಕ್ಸ್ ಫರ್ಗ್ಯುಸನ್ ಮೊದಲು ಟೂಲ್‌ಮೇಕರ್ ಆಗಿದ್ದರು ಎಂದು ತಿಳಿದ ಮೇಲೆ ಅವರ ವಿಷಯದಲ್ಲಿ ನನಗೊಂದು ಸಲುಗೆ ಬಂದುಬಿಟ್ಟಿತು. ಹುಟ್ಟಿದ್ದು 1941ರ ಡಿಸೆಂಬರ್ 31ರಂದು, ಗ್ಲಾಸ್ಗೋ ನಗರದ ಗೋವನ್‌ನಲ್ಲಿ. ಹಡಗು ಕಟ್ಟುವವರ ಬಡಾವಣೆ ಅದು, ತಂದೆಯೂ ಶಿಪ್‌ಯಾರ್ಡ್ ಕೆಲಸಗಾರರೇ. ಹುಡುಗ ರೆಮಿಂಗ್ಟನ್ ರ‍್ಯಾಂಡ್ ಕಾರ್ಖಾನೆಗೆ ಅಪ್ರೆಂಟಿಸ್ ಆಗಿ ಸೇರಿ ಟೂಲ್ ಮಾಡುವ ವಿದ್ಯೆ ಕಲಿತ, ಕಾರ್ಮಿಕ ಸಂಘದ ಪ್ರತಿನಿಧಿಯಾದ, ಅಪ್ರೆಂಟಿಸ್‌ಗಳ ಮುಷ್ಕರದಲ್ಲಿ ಮುಂದೆ ನಿಂತ. 1964ರಲ್ಲಿ ಡನ್ಫರ್ಮ್ಲಿನ್ ಕ್ಲಬ್ ಸೇರುವವರೆಗೂ ಕೆಲಸ ಮತ್ತು ಫುಟ್‌ಬಾಲ್ ಎರಡೂ ಜೊತೆಜೊತೆಗೇ ನಡೆದವು.

ನಾನು ಪೀಣ್ಯದ ಒಂದು ಟೂಲ್ ರೂಮಿನಲ್ಲಿ ಫಿಟ್ಟರ್ ಆಗಿ ಸೇರಿ, ಈಗ ಅದೇ ಟೂಲ್ ರೂಮಿನ ಜವಾಬ್ದಾರಿ ಹೊತ್ತವನು. ಪ್ರೆಸ್ ಟೂಲ್ ಮಾಡುತ್ತೇವೆ. ಶೀಟ್ ಮೆಟಲ್ಲನ್ನು ಕತ್ತರಿಸುವ, ಬಗ್ಗಿಸುವ ಪಂಚು, ಡೈಗಳು ನಮ್ಮ ಕೈಯಲ್ಲಿ ತಯಾರಾಗುತ್ತವೆ. ಕೇಬಲ್ ಟಿವಿಯಲ್ಲಿ ಇಂಗ್ಲೆಂಡಿನ ಲೀಗ್ ಪಂದ್ಯಗಳು ಬರತೊಡಗಿದ ಕಾಲದಿಂದ ಮ್ಯಾಂಚೆಸ್ಟರ್ ಯುನೈಟೆಡ್ ಆಟ ನೋಡುತ್ತ ಬಂದಿದ್ದೇನೆ. ಮೊದಮೊದಲು ಕಣ್ಣು ಚೆಂಡಿನ ಮೇಲಿತ್ತು. ಸೂಪರ್‌ವೈಸರ್ ಆದ ಮೇಲೆ, ಮೈದಾನದ ಪಕ್ಕದ ಸೀಟಿನಲ್ಲಿ ಚ್ಯೂಯಿಂಗ್ ಗಮ್ ಜಗಿಯುತ್ತ ಕೂತ ಆ ಮನುಷ್ಯನ ಮೇಲೆ ಹೋಯಿತು. ಈತ ಇಷ್ಟು ವರ್ಷ ಇಷ್ಟು ಜನರನ್ನು ಹೇಗೆ ನಡೆಸಿದರು?

1986ರ ನವೆಂಬರ್‌ನಿಂದ 2013ರ ಮೇ ತಿಂಗಳವರೆಗೆ ಒಂದೇ ಕ್ಲಬ್ಬು. 13 ಲೀಗ್ ಪ್ರಶಸ್ತಿ, ಎರಡು ಚಾಂಪಿಯನ್ಸ್ ಲೀಗ್, ಒಟ್ಟು 38 ಟ್ರೋಫಿ. ಮ್ಯಾನೇಜರ್‌ಗಳು ಎರಡು ಮೂರು ವರ್ಷ ಉಳಿದರೇ ದೊಡ್ಡದು ಎನ್ನುವ ಆಟದಲ್ಲಿ ಇದು ನಂಬಲಾಗದ ಮಾತು. ಆದರೆ ನನಗೆ ಬೇಕಾಗಿದ್ದ ಪಾಠ ಸಿಕ್ಕಿದ್ದು ಅದಕ್ಕೂ ಹಿಂದಿನ ಅಬರ್ಡೀನ್ ದಿನಗಳಲ್ಲಿ.

ಸ್ಕಾಟ್ಲೆಂಡಿನ ಆ ಕ್ಲಬ್ಬಿಗೆ ಫರ್ಗ್ಯುಸನ್ ಹೋದದ್ದು 1978ರಲ್ಲಿ. ಕೆಲವು ವರ್ಷಗಳ ಮಟ್ಟಿಗೆ ರೇಂಜರ್ಸ್, ಸೆಲ್ಟಿಕ್ ಎಂಬ ಎರಡು ದೊಡ್ಡ ಕ್ಲಬ್ಬುಗಳ ಯಜಮಾನಿಕೆಯನ್ನೇ ಮುರಿದರು. 1983ರಲ್ಲಿ ಯೂರೋಪಿಯನ್ ಕಪ್ ವಿನ್ನರ್ಸ್ ಕಪ್ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ತಂಡವನ್ನು 2–1ರಿಂದ ಸೋಲಿಸಿದರು. ಅಲ್ಲಿ ಎಲ್ಲ ತರಬೇತಿಯನ್ನೂ ತಾವೇ ಕೊಡುತ್ತಿದ್ದರಂತೆ. ಒಂದು ದಿನ ಚಹಾ ಕುಡಿಯುವಾಗ ಸಹಾಯಕ ಆರ್ಚಿ ನಾಕ್ಸ್, ನನ್ನನ್ನು ಇಲ್ಲಿಗೆ ಯಾಕೆ ಕರೆತಂದಿರಿ, ಎಲ್ಲವನ್ನೂ ನೀವೇ ಮಾಡುತ್ತೀರಲ್ಲ ಎಂದು ಕೇಳಿಯೇಬಿಟ್ಟರು. ಜೊತೆಯಲ್ಲಿದ್ದ ಇನ್ನೊಬ್ಬ ಕೋಚ್ ಕೂಡ ಹೌದೆಂದರು. ಫರ್ಗ್ಯುಸನ್ ಮೊದಲು ಒಪ್ಪಲಿಲ್ಲ. ಕೆಲವು ದಿನ ಯೋಚಿಸಿ, ಪ್ರಯತ್ನ ಮಾಡಿ ನೋಡೋಣ ಎಂದು ತರಬೇತಿಯನ್ನು ನಾಕ್ಸ್ ಕೈಗೆ ಕೊಟ್ಟರು. ತಾವು ಮಾಡಿದ ಅತ್ಯುತ್ತಮ ಕೆಲಸ ಅದೇ ಎಂದು ಮುಂದೆ ಹೇಳಿಕೊಂಡರು. ತರಬೇತಿ ಕೊಡುತ್ತ ಮೈದಾನದ ನಡುವೆ ನಿಂತಾಗ ಕಾಣದಿದ್ದದ್ದು ಪಕ್ಕಕ್ಕೆ ಸರಿದಾಗ ಕಂಡಿತು. ಒಬ್ಬನ ಹುಮ್ಮಸ್ಸು ಇದ್ದಕ್ಕಿದ್ದಂತೆ ಇಳಿದಿದೆ, ಒಬ್ಬನ ನಡಿಗೆ ಬದಲಾಗಿದೆ. ಮನೆಯಲ್ಲಿ ತೊಂದರೆಯೋ, ಕಾಲಿನಲ್ಲಿ ಅವನಿಗೇ ಗೊತ್ತಿಲ್ಲದ ನೋವೋ.

ಕೈಕೆಲಸದಿಂದ ಮೇಲೆ ಬಂದವರಿಗೆ ಇದು ಎಷ್ಟು ಕಷ್ಟ ಎಂಬುದನ್ನು ಕೈಕೆಲಸದವರೇ ಬಲ್ಲರು. ಪಂಚು ಮತ್ತು ಡೈ ನಡುವಿನ ಕ್ಲಿಯರೆನ್ಸ್ ಹೊಂದಿಸುವಾಗ ಮಿಲಿಮೀಟರ್‌ನ ನೂರನೇ ಒಂದು ಭಾಗ ಹೆಚ್ಚುಕಡಿಮೆಯಾದರೂ ಕೆಲವು ಜಾಬ್‌ಗಳಲ್ಲಿ ಅಂಚಿಗೆ ಬರ್, ಅಂದರೆ ಲೋಹದ ಮುಳ್ಳು, ಬರುತ್ತದೆ. ಹುಡುಗ ಅದನ್ನು ತಡಕಾಡುತ್ತಿರುವಾಗ ನನ್ನ ಕೈ ತಾನಾಗಿಯೇ ಅಲನ್ ಕೀ ಕಡೆಗೆ ಹೋಗುತ್ತಿತ್ತು. ನಮ್ಮಲ್ಲಿದ್ದ ಹಿರಿಯ ಫಿಟ್ಟರ್ ಒಬ್ಬರು ಒಮ್ಮೆ, "ಸರ್, ಎಲ್ಲಾ ಬೋಲ್ಟೂ ನೀವೇ ಬಿಗಿದ್ರೆ ಇವ್ರ್ ಕೈಗೆ ಯಾವಾಗ ಬರತ್ತೆ?" ಎಂದರು. ಅಬರ್ಡೀನಿನ ಕಥೆ ಓದಿದ್ದು ಅದಾದ ಬಹಳ ಕಾಲದ ಮೇಲೆ. ಓದಿದಾಗ ಕಣ್ಣ ಮುಂದೆ ಬಂದದ್ದು ನಮ್ಮ ಆ ಹಿರಿಯರೇ.

ಅಂದಿನಿಂದ ಬೆಳಗಿನ ಶಿಫ್ಟಿನ ಮೊದಲ ಗಂಟೆ ನಾನು ಯಾವ ಮೆಷಿನ್ನೂ ಮುಟ್ಟುವುದಿಲ್ಲ, ಫೋನನ್ನೂ ಎತ್ತುವುದಿಲ್ಲ. ಸುಮ್ಮನೆ ಓಡಾಡುತ್ತೇನೆ. ಯಾರು ಯಾರನ್ನು ಡೌಟು ಕೇಳುತ್ತಾರೆ, ಯಾರ ಬೆಂಚಿನ ಮೇಲೆ ಫೈಲುಗಳು ಚೆಲ್ಲಾಪಿಲ್ಲಿಯಾಗಿವೆ, ಯಾರು ಡ್ರಾಯಿಂಗ್ ನೋಡದೆಯೇ ಕೆಲಸಕ್ಕೆ ಕೈಹಾಕುತ್ತಾರೆ ಎಂಬುದೆಲ್ಲ ಕಾಣುತ್ತದೆ. ನಮ್ಮ ಸರ್ಫೇಸ್ ಗ್ರೈಂಡಿಂಗ್‌ನಲ್ಲಿ ಬಹಳ ನುರಿತ ಕೈ ಒಂದಿತ್ತು. ಒಂದು ಹಂತದಲ್ಲಿ ಅವರ ಕೆಲಸ ನಿಧಾನವಾಯಿತು, ರಿವರ್ಕ್ ಹೆಚ್ಚಾಯಿತು. ಮನಸ್ಸು ಕೆಲಸದ ಮೇಲಿಲ್ಲ, ಬೇರೆ ಕಡೆ ಕೆಲಸ ನೋಡುತ್ತಿದ್ದಾರೆ ಎಂದು ಆಫೀಸಿನಲ್ಲಿ ಮಾತಾಯಿತು. ನಿಂತು ನೋಡಿದಾಗ, ಅವರು ಪ್ರತಿ ಸಲವೂ ಮೈಕ್ರೋಮೀಟರ್ ಹಿಡಿದು ಕಿಟಕಿಯ ಬಳಿಗೆ ಹೋಗಿ, ತೋಳು ಉದ್ದ ಚಾಚಿ ಗೆರೆ ಎಣಿಸುತ್ತಿದ್ದರು. ಚಾಳೀಸು ಬಂದಿತ್ತು, ಅಷ್ಟೆ. ಹೇಳಿಕೊಳ್ಳಲು ಸಂಕೋಚ. ಕಣ್ಣಿನ ಪರೀಕ್ಷೆ ಆಗಿ ಕನ್ನಡಕ ಬಂತು, ಕೆಲಸ ಮೊದಲಿನ ಹದಕ್ಕೆ ಮರಳಿತು. ತಿಂಗಳ ರಿಪೋರ್ಟಿನಲ್ಲಿ ಅವರ ಹೆಸರಿನ ಮುಂದಿದ್ದದ್ದು ಒಂದು ಅಂಕಿ ಮಾತ್ರ. ಆ ಅಂಕಿ ಹಿಡಿದು ಅವರನ್ನು ಕಳಿಸಿಬಿಟ್ಟಿದ್ದರೆ ಅಂಥ ಗ್ರೈಂಡರ್ ನಮಗೆ ಮತ್ತೆ ಸಿಗುತ್ತಿರಲಿಲ್ಲ.

ಇನ್ನು ಹುಡುಗರನ್ನು ಬೆಳೆಸುವ ವಿಷಯ. ಫರ್ಗ್ಯುಸನ್ ಬಂದಾಗ ಯುನೈಟೆಡ್ 22 ತಂಡಗಳ ಲೀಗ್‌ನಲ್ಲಿ 21ನೇ ಸ್ಥಾನದಲ್ಲಿತ್ತು. ಮೊದಲ ಪಂದ್ಯವನ್ನೇ ಆಕ್ಸ್‌ಫರ್ಡ್ ತಂಡಕ್ಕೆ 0–2ರಿಂದ ಸೋತರು. ಇಂಥ ಹೊತ್ತಿನಲ್ಲಿ ಯಾರಾದರೂ ಮೊದಲ ತಂಡವನ್ನಷ್ಟೇ ನೋಡಿಕೊಳ್ಳುತ್ತಾರೆ. ಇವರು ಅದರ ಜೊತೆಗೇ ಮ್ಯಾಂಚೆಸ್ಟರ್ ಸುತ್ತ ಹುಡುಗರನ್ನು ಹುಡುಕುವ ಸ್ಕೌಟ್‌ಗಳ ಸಂಖ್ಯೆ ಹೆಚ್ಚಿಸಿದರು, ಕಿರಿಯರ ಕೋಚ್ ಎರಿಕ್ ಹ್ಯಾರಿಸನ್ ಬೆನ್ನಿಗೆ ನಿಂತರು. ರಯಾನ್ ಗಿಗ್ಸ್‌ಗೆ 14 ತುಂಬಿದ ದಿನ ಅವರ ಮನೆ ಬಾಗಿಲು ತಟ್ಟಿದ್ದು ಸ್ವತಃ ಮ್ಯಾನೇಜರ್ ಅವರೇ. ಈ ಬಿತ್ತನೆ ನಡೆಯುತ್ತಿದ್ದಾಗ ಮೇಲಿನ ತಂಡ ಗೆಲ್ಲುತ್ತಿರಲಿಲ್ಲ. 1989ರ ಡಿಸೆಂಬರ್‌ನಲ್ಲಿ ಸ್ವಂತ ಮೈದಾನದಲ್ಲೇ, ಮೂರು ವರ್ಷ ನೆಪ ಕೇಳಿದ್ದು ಸಾಕು, ಹೊರಡಿ ಎಂಬರ್ಥದ ಬ್ಯಾನರನ್ನು ಅಭಿಮಾನಿಗಳು ಹಿಡಿದರು. ಆ ಋತುವಿನಲ್ಲಿ ತಂಡಕ್ಕೆ 13ನೇ ಸ್ಥಾನ. ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಮತ್ತು ಆಡಳಿತ ಮಂಡಳಿಯಲ್ಲಿದ್ದ ಬಾಬಿ ಚಾರ್ಲ್‌ಟನ್ ಕೈಬಿಡಲಿಲ್ಲ ಎಂಬುದನ್ನು ಫರ್ಗ್ಯುಸನ್ ಅವರನ್ನು ಹೊಗಳುವವರು ಅಷ್ಟಾಗಿ ನೆನೆಯುವುದಿಲ್ಲ. ನಾಯಕನ ತಾಳ್ಮೆಗೆ ಅವನ ಮೇಲಿನವರ ತಾಳ್ಮೆಯೂ ಸೇರಬೇಕು.

ನಮ್ಮ ಮಾಲೀಕರು ನನ್ನನ್ನು ಹಲವು ಸಲ ಕೇಳಿದ್ದಾರೆ, "ನಾವು ಕಲಿಸೋದು, ಎದುರಿನ ಫ್ಯಾಕ್ಟರಿಯೋರು ಎರಡು ಸಾವಿರ ಜಾಸ್ತಿ ಕೊಟ್ಟು ಕರ್ಕೊಂಡು ಹೋಗೋದು. ಯಾಕ್ ಬೇಕು ಈ ಅಪ್ರೆಂಟಿಸ್‌ಗಳು?" ಪೀಣ್ಯದಲ್ಲಿ ಇದು ದಿನದ ಸತ್ಯ. ಐಟಿಐ ಮುಗಿಸಿ ಬಂದ ಹುಡುಗನಿಗೆ ಡೈ ಅಸೆಂಬ್ಲಿ ಕೈಗೆ ಹತ್ತುವಷ್ಟರಲ್ಲಿ ವರ್ಷಗಳೇ ಉರುಳುತ್ತವೆ, ಹತ್ತಿದ ಕೂಡಲೇ ಫೋನ್ ಬರುತ್ತದೆ. ಯುನೈಟೆಡ್‌ನಲ್ಲೂ 1992ರಲ್ಲಿ ಯುವಕರ ಎಫ್ಎ ಕಪ್ ಗೆದ್ದ ಹುಡುಗರೆಲ್ಲ ಉಳಿಯಲಿಲ್ಲ. ಬೆಕ್‌ಹ್ಯಾಮ್ 2003ರಲ್ಲಿ ಹೋದರು, ನಿಕಿ ಬಟ್ 2004ರಲ್ಲಿ ಹೋದರು. ಆದರೆ ಆ ಗುಂಪಿನ ಗಿಗ್ಸ್ ಮತ್ತು ಗ್ಯಾರಿ ನೆವಿಲ್, ಅವರ ಬೆನ್ನಿಗೇ ಬಂದ ಪಾಲ್ ಸ್ಕೋಲ್ಸ್ ಇಡೀ ವೃತ್ತಿಜೀವನವನ್ನು ಅಲ್ಲೇ ಕಳೆದರು. ಹೊರಗಿನಿಂದ ಕೊಂಡುತಂದ ಆಟಗಾರರಿಗೆ ಈ ಮನೆಯ ರೀತಿ ಕಲಿಸಿದವರು ಆ ಉಳಿದವರು. ನಮ್ಮಲ್ಲೂ ಹಾಗೆಯೇ ಉಳಿದ ಕೆಲವರಿದ್ದಾರೆ. ಹೊಸದಾಗಿ ಬಂದವರಿಗೆ ನಾನು ಹೇಳಬೇಕಾದ್ದನ್ನು ಅವರೇ ಹೇಳುತ್ತಾರೆ, ನನಗಿಂತ ಚೆನ್ನಾಗಿ ಹೇಳುತ್ತಾರೆ. ಹೋದವರ ಲೆಕ್ಕವನ್ನೇ ಹಾಕುತ್ತ ಕೂತರೆ ಇವರು ಸಿಗುತ್ತಲೇ ಇರಲಿಲ್ಲ.

1995ರ ಬೇಸಿಗೆಯಲ್ಲಿ ಫರ್ಗ್ಯುಸನ್ ಪಾಲ್ ಇನ್ಸ್, ಮಾರ್ಕ್ ಹ್ಯೂಸ್, ಆಂಡ್ರೇ ಕಾಂಚೆಲ್‌ಸ್ಕಿಸ್ ಮೂವರನ್ನೂ ಬಿಟ್ಟುಕೊಟ್ಟು ಈ ಹುಡುಗರನ್ನು ಇಳಿಸಿದರು. ಮೊದಲ ಪಂದ್ಯದಲ್ಲೇ ಆಸ್ಟನ್ ವಿಲಾ ಎದುರು 1–3ರ ಸೋಲು. ಮಕ್ಕಳನ್ನು ಕಟ್ಟಿಕೊಂಡು ಏನೂ ಗೆಲ್ಲಲಾಗದು ಎಂದು ಟಿವಿಯಲ್ಲಿ ಅಲನ್ ಹ್ಯಾನ್ಸೆನ್ ಷರಾ ಬರೆದರು. ಋತುವಿನ ಕೊನೆಗೆ ಲೀಗ್, ಎಫ್ಎ ಕಪ್ ಎರಡೂ ಆ ಮಕ್ಕಳ ಕೈಯಲ್ಲಿದ್ದವು. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನನ್ನು ಹೆಚ್ಚು ಕಾಡಿದ್ದು ಜಿಮ್ ಲೇಟನ್ ಎಂಬ ಗೋಲ್‌ಕೀಪರ್‌ನ ಕಥೆ. ಅಬರ್ಡೀನ್‌ನಿಂದ ಫರ್ಗ್ಯುಸನ್ ತಾವೇ ಕರೆತಂದವರು, ಜೊತೆಯಲ್ಲಿ ಗೆದ್ದವರು. 1990ರ ಎಫ್ಎ ಕಪ್ ಫೈನಲ್ ಕ್ರಿಸ್ಟಲ್ ಪ್ಯಾಲೆಸ್ ಎದುರು 3–3 ಡ್ರಾ ಆಯಿತು. ಮರುಪಂದ್ಯಕ್ಕೆ ಲೇಟನ್ ಅವರನ್ನು ಕೂರಿಸಿ ಲೆಸ್ ಸೀಲಿ ಅವರನ್ನು ಆಡಿಸಿದರು. 1–0ರಿಂದ ಗೆದ್ದರು, ಯುನೈಟೆಡ್‌ನಲ್ಲಿ ಫರ್ಗ್ಯುಸನ್ ಅವರ ಮೊದಲ ಟ್ರೋಫಿ ಬಂತು. ಆ ಸ್ನೇಹ ಮಾತ್ರ ಅಲ್ಲಿಗೆ ಮುರಿಯಿತು.

ಆ ನಿರ್ಧಾರ ಸರಿಯೆಂದೇ ನನ್ನ ಅಭಿಪ್ರಾಯ. ನನಗೂ ಹತ್ತಿರದವರೊಬ್ಬರನ್ನು, ಒಂದೇ ತಟ್ಟೆಯಲ್ಲಿ ಉಂಡವರನ್ನು, ಡೈ ಅಸೆಂಬ್ಲಿಯಿಂದ ತೆಗೆದು ಇನ್‌ಸ್ಪೆಕ್ಷನ್‌ಗೆ ಹಾಕಬೇಕಾಗಿ ಬಂತು. ವೈರ್‌ಕಟ್, ಸಿಎನ್‌ಸಿ ಬಂದ ಮೇಲೆ ಅಸೆಂಬ್ಲಿಯ ರೀತಿಯೇ ಬದಲಾಗಿತ್ತು, ಅವರಿಗೆ ಹಳೆಯ ದಾರಿ ಬಿಡಲಾಗಲಿಲ್ಲ. ಕೂರಿಸಿಕೊಂಡು, ಬೇರೆ ಯಾರ ಬಾಯಿಂದಲೂ ಕೇಳುವ ಮೊದಲು, ನಾನೇ ಹೇಳಿದೆ. ಬಹಳ ದಿನ ಅವರು ನನ್ನೊಡನೆ ಮಾತಾಡಲಿಲ್ಲ. ಕೆಲಸಕ್ಕೆ ಒಳ್ಳೆಯದಾಯಿತು ಎಂಬುದರಿಂದ ಆ ಬೇಸರ ಕಡಿಮೆಯಾಗುವುದಿಲ್ಲ, ಆಗಲೂಬಾರದು. ಇಂಥದನ್ನು ಮಾಡಿ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡುವ ಮೇಲಧಿಕಾರಿಯ ಕೈಕೆಳಗೆ ಕೆಲಸ ಮಾಡಲು ನನಗೆ ಮನಸ್ಸಿಲ್ಲ.

ಫರ್ಗ್ಯುಸನ್ ಅವರ ಸಿಟ್ಟನ್ನು ಮಾತ್ರ ನಾನು ತೆಗೆದುಕೊಂಡಿಲ್ಲ. ಮುಖಕ್ಕೆ ಮುಖ ಕೊಟ್ಟು ಬಯ್ಯುತ್ತಿದ್ದರು, ಆಟಗಾರರು ಅದನ್ನು ಹೇರ್‌ಡ್ರೈಯರ್ ಎಂದು ಕರೆಯುತ್ತಿದ್ದರು. 2003ರಲ್ಲಿ ಡ್ರೆಸಿಂಗ್ ರೂಮಿನಲ್ಲಿ ಒದ್ದ ಬೂಟು ಬೆಕ್‌ಹ್ಯಾಮ್ ಹುಬ್ಬಿಗೆ ತಗುಲಿತು. ಅದನ್ನು ಶಿಸ್ತಿನ ಹೆಸರಿನಲ್ಲಿ ಮೆಚ್ಚುವವರಿದ್ದಾರೆ. ಟೂಲ್ ರೂಮಿನಲ್ಲಿ ನಾಲ್ಕು ಜನರ ಮುಂದೆ ಬಯ್ಸಿಕೊಂಡ ಹುಡುಗ ಮುಂದಿನ ಸಲ ತಪ್ಪನ್ನು ಮುಚ್ಚಿಡುತ್ತಾನೆ, ಆ ತಪ್ಪು ಗಿರಾಕಿಯ ಪ್ರೆಸ್ಸಿನಲ್ಲಿ ಹೊರಬರುತ್ತದೆ. ನಾನು ಕಲಿತದ್ದು ಎರಿಕ್ ಕ್ಯಾಂಟೊನಾ ವಿಷಯದಲ್ಲಿ ಅವರು ನಡೆದುಕೊಂಡ ರೀತಿಯಿಂದ. 1995ರ ಜನವರಿಯಲ್ಲಿ ಪ್ರೇಕ್ಷಕನೊಬ್ಬನಿಗೆ ಒದ್ದು ಕ್ಯಾಂಟೊನಾ ತಿಂಗಳುಗಟ್ಟಲೆ ನಿಷೇಧಕ್ಕೆ ಒಳಗಾದರು. ಬೇಸತ್ತು ಆಟ ಬಿಡುವ ಮಾತಾಡಿದಾಗ ಫರ್ಗ್ಯುಸನ್ ಪ್ಯಾರಿಸ್‌ಗೇ ಹೋಗಿ ಮನವೊಲಿಸಿ ಕರೆತಂದರು. ಹೊಗಳಿಕೆಯಲ್ಲೂ ಅವರದು ಹಿತಮಿತ. "ವೆಲ್ ಡನ್" ಎಂಬುದಕ್ಕಿಂತ ಹೆಚ್ಚಿನದು ಬೇಕಿಲ್ಲ ಎನ್ನುತ್ತಿದ್ದರು. ಟ್ರಯಲ್‌ನಲ್ಲಿ ಮೊದಲ ಏಟಿಗೇ ಪೀಸ್ ಅಳತೆಗೆ ಬಂದಾಗ ನಾನೂ "ಚೆನ್ನಾಗಿದೆ" ಎಂದಷ್ಟೇ ಹೇಳುತ್ತೇನೆ, ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ.

ಕೊನೆಯ ಪಾಠ ಅವರು ಬಿಟ್ಟುಹೋದ ರೀತಿಯದು, ಇಲ್ಲಿ ನನಗೆ ಅವರ ಬಗ್ಗೆ ತಕರಾರಿದೆ. 2013ರಲ್ಲಿ ಲೀಗ್ ಗೆದ್ದು ನಿವೃತ್ತರಾದರು. ಆಗ ಗಿಗ್ಸ್‌ಗೆ 39, ಸ್ಕೋಲ್ಸ್‌ಗೆ 38, ರಿಯೊ ಫರ್ಡಿನೆಂಡ್‌ಗೆ 34. ಅದೇ ಬೇಸಿಗೆಯಲ್ಲಿ ಕ್ಲಬ್ಬಿನ ಆಡಳಿತ ನೋಡಿಕೊಳ್ಳುತ್ತಿದ್ದ ಡೇವಿಡ್ ಗಿಲ್ ಕೂಡ ಹೊರಟರು. ಆರು ವರ್ಷದ ಒಪ್ಪಂದದೊಂದಿಗೆ ಬಂದ ಡೇವಿಡ್ ಮೊಯೆಸ್ ಹಳೆಯ ಕೋಚ್‌ಗಳನ್ನೂ ಬದಲಿಸಿದರು, ವರ್ಷ ತುಂಬುವ ಮೊದಲೇ ಕೆಲಸ ಕಳೆದುಕೊಂಡರು. ತಂಡ ಏಳನೇ ಸ್ಥಾನಕ್ಕೆ ಇಳಿಯಿತು, ಮುಂದಿನ ಹತ್ತು ವರ್ಷ ಲೀಗ್ ಪ್ರಶಸ್ತಿಯ ಮುಖ ನೋಡಲಿಲ್ಲ. ಎಲ್ಲವೂ ಫರ್ಗ್ಯುಸನ್ ತಪ್ಪು ಎನ್ನಲಾರೆ. ಆದರೆ ತಂಡವನ್ನು ಅಷ್ಟು ಸಲ ಮುರಿದು ಕಟ್ಟಿದ ಕೈ, ತನ್ನ ಜಾಗದಲ್ಲಿ ನಿಲ್ಲುವವರನ್ನು ಅಲ್ಲಿಯೇ ಇಟ್ಟುಕೊಂಡು ತಯಾರು ಮಾಡಲಿಲ್ಲ.

ನನ್ನ ನಿವೃತ್ತಿಯೂ ಹತ್ತಿರದಲ್ಲಿದೆ. ನಾನು ಮತ್ತು ನಮ್ಮ ಮೆಂಟೆನೆನ್ಸ್ ಮುಖ್ಯಸ್ಥರು ಒಂದೇ ವರ್ಷ ಹೋಗಬೇಕಿತ್ತು. ಮಾಲೀಕರ ಜೊತೆ ಮಾತಾಡಿ ಅದನ್ನು ಹಿಂದೆಮುಂದೆ ಮಾಡಿಸಿದ್ದೇನೆ. ಡಿಪ್ಲೊಮಾ ಮುಗಿಸಿ ನಮ್ಮಲ್ಲೇ ಅಪ್ರೆಂಟಿಸ್ ಆಗಿ ಸೇರಿದ್ದ ಹುಡುಗಿಯೊಬ್ಬಳು ಈಗ ಟ್ರಯಲ್ ರಿಪೋರ್ಟಿಗೆ ಸಹಿ ಹಾಕುತ್ತಾಳೆ, ಸ್ಟೀಲ್ ಸಪ್ಲೈಯರ್ ಜೊತೆ ರೇಟು ಮಾತಾಡುತ್ತಾಳೆ, ಗಿರಾಕಿ ತಕರಾರು ತಂದಾಗ ಎದುರು ಕೂರುತ್ತಾಳೆ. ನನ್ನ ಹತ್ತಿರ ಬಂದವರನ್ನು ಅವಳ ಟೇಬಲ್ಲಿಗೇ ಕಳಿಸುತ್ತೇನೆ. ಮೊನ್ನೆ ಅವಳು ನನ್ನ ಹಳೆಯ ಜಾಬ್ ಕಾರ್ಡ್ ಪದ್ಧತಿ ಬದಲಿಸಬೇಕೆಂದಳು. ಯಾಕೆ ಎಂದು ಕೇಳಿದೆ, ಕಾರಣ ಹೇಳಿದಳು. ಮುಂದಿನ ತಿಂಗಳಿನಿಂದ ಹೊಸ ಕಾರ್ಡು ಬರುತ್ತದೆ.