ಪೈಥಾನ್ ಕಲಿಕೆ: ಆರಂಭಿಕರ ಪ್ರಶ್ನೆಗಳು ಮತ್ತು ಬಿಲ್ಲಿನ ಮೊತ್ತವನ್ನು ಕೆಡಿಸುವ ತಪ್ಪುಗಳು

ವ್ಯಾಪಾರ ಹಾಗೂ ಸಣ್ಣ ಕೈಗಾರಿಕೆಗಳಲ್ಲಿ ಗಣಕಯಂತ್ರದ ಬಳಕೆ ಇಂದು ಬಿಲ್ಲು ಮುದ್ರಣಕ್ಕೆ ಮಾತ್ರ ಸೀಮಿತವಾಗಿ ಉಳಿದಿಲ್ಲ. ದಾಸ್ತಾನಿನ ಪರಿಶೀಲನೆ, ಗಿರಾಕಿಗಳ ಬಾಕಿ, ಕಚ್ಚಾ ಸಾಮಗ್ರಿಯ ದರಗಳ ಹೋಲಿಕೆ ಮೊದಲಾದ ಕೆಲಸಗಳಲ್ಲಿ ಸಿದ್ಧ ತಂತ್ರಾಂಶಗಳು ಒದಗಿಸದ ವರದಿಗಳು ಆಗಾಗ ಬೇಕಾಗುತ್ತವೆ. ಅಂತಹ ವರದಿಗಳನ್ನು ತಾವೇ ಸಿದ್ಧಪಡಿಸಿಕೊಳ್ಳುವ ಉದ್ದೇಶದಿಂದ ಅನೇಕ ಉದ್ಯಮಿಗಳು, ಅವರ ಮಕ್ಕಳು ಹಾಗೂ ಲೆಕ್ಕಿಗರು ಪೈಥಾನ್ ಭಾಷೆಯನ್ನು ಕಲಿಯಲು ಮುಂದಾಗುತ್ತಿದ್ದಾರೆ. ಹೀಗೆ ಆರಂಭಿಸಿದವರಿಗೆ ಎದುರಾಗುವ ಸಾಮಾನ್ಯ ಪ್ರಶ್ನೆಗಳನ್ನೂ ತಪ್ಪುಗಳನ್ನೂ ಅಂಗಡಿ ಮತ್ತು ಕಾರ್ಖಾನೆಯ ಉದಾಹರಣೆಗಳೊಂದಿಗೆ ಇಲ್ಲಿ ವಿವರಿಸಲಾಗಿದೆ.

ಪೈಥಾನ್ ಭಾಷೆಯನ್ನು ರೂಪಿಸಿದವರು ನೆದರ್‌ಲ್ಯಾಂಡ್ಸ್‌ನ ಗೈಡೋ ವ್ಯಾನ್ ರಾಸಮ್. ಅದರ ಮೊದಲ ಆವೃತ್ತಿ 1991ರಲ್ಲಿ ಹೊರಬಂದಿತು. ಇದನ್ನು ಬಳಸಲು ಶುಲ್ಕವಿಲ್ಲ, ಪರವಾನಗಿಗೆ ಹಣ ಕಟ್ಟಬೇಕಾಗಿಲ್ಲ. ಮುದ್ರಣದ ಅನುಕೂಲಕ್ಕಾಗಿ ಈ ಲೇಖನದಲ್ಲಿ ಆದೇಶಗಳ ಹೆಸರನ್ನು ಕನ್ನಡ ಲಿಪಿಯಲ್ಲಿ ಕೊಡಲಾಗಿದೆ. ಗಣಕದಲ್ಲಿ ಅವುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯಬೇಕು.

ಎರಡು ಬಗೆಯ ತಪ್ಪುಗಳು

ಕಲಿಯುವವರು ಮೊದಲು ಒಂದು ಭೇದವನ್ನು ಮನಗಾಣಬೇಕು. ಕೆಲವು ತಪ್ಪುಗಳಲ್ಲಿ ಗಣಕವು ಕೆಲಸ ನಿಲ್ಲಿಸಿ ದೋಷವನ್ನು ತಿಳಿಸುತ್ತದೆ. ಇವುಗಳಿಂದ ಸಮಯ ನಷ್ಟವಾಗಬಹುದು, ಹಣ ನಷ್ಟವಾಗುವುದಿಲ್ಲ. ಇನ್ನು ಕೆಲವು ತಪ್ಪುಗಳಲ್ಲಿ ಗಣಕವು ಏನನ್ನೂ ಹೇಳದೆ ತಪ್ಪು ಉತ್ತರವನ್ನು ಅಚ್ಚುಕಟ್ಟಾಗಿ ಮುದ್ರಿಸಿ ಕೊಡುತ್ತದೆ. ವ್ಯಾಪಾರಸ್ಥರು ಅಂಜಬೇಕಾದದ್ದು ಇವುಗಳಿಗೆ.

ಕೆನಡಾ ದೇಶದ ವ್ಯಾಂಕೂವರ್ ಷೇರುಪೇಟೆಯ ಪ್ರಸಂಗ ಇದಕ್ಕೆ ಪ್ರಸಿದ್ಧ ನಿದರ್ಶನ. ಅಲ್ಲಿ 1982ರ ಜನವರಿಯಲ್ಲಿ 1000 ಅಂಶಗಳಿಂದ ಹೊಸ ಸೂಚ್ಯಂಕವೊಂದು ಆರಂಭವಾಯಿತು. ಪ್ರತಿ ವಹಿವಾಟಿನ ನಂತರ ಹೊಸ ಅಂಕವನ್ನು ಲೆಕ್ಕ ಹಾಕುವಾಗ ಮೂರು ದಶಮಾಂಶ ಸ್ಥಾನಗಳ ಮುಂದಿನ ಭಾಗವನ್ನು ಸರಿಹೊಂದಿಸದೆ ಕತ್ತರಿಸಿ ಬಿಡಲಾಗುತ್ತಿತ್ತು. ದಿನಕ್ಕೆ ಸಾವಿರಾರು ಬಾರಿ ಹೀಗಾದ ಕಾರಣ, 1983ರ ನವೆಂಬರ್ ವೇಳೆಗೆ ಸೂಚ್ಯಂಕ ಸುಮಾರು 524ಕ್ಕೆ ಇಳಿದಿತ್ತು. ಲೆಕ್ಕವನ್ನು ಸರಿಪಡಿಸಿದಾಗ ಅದರ ನಿಜವಾದ ಮಟ್ಟ ಸುಮಾರು 1098 ಎಂದು ತಿಳಿಯಿತು. ಆ ಅವಧಿಯುದ್ದಕ್ಕೂ ಯಂತ್ರವು ಒಮ್ಮೆಯೂ ದೋಷವನ್ನು ತೋರಿಸಿರಲಿಲ್ಲ.

1. ಯಾವ ಆವೃತ್ತಿಯನ್ನು ಕಲಿಯಬೇಕು?

ಪೈಥಾನ್ 3 ಅನ್ನು ಮಾತ್ರ. ಇದು 2008ರ ಡಿಸೆಂಬರ್‌ನಲ್ಲಿ ಬಿಡುಗಡೆಯಾಯಿತು. ಹಳೆಯ ಪೈಥಾನ್ 2ಕ್ಕೆ ನೀಡಲಾಗುತ್ತಿದ್ದ ಬೆಂಬಲ 2020ರ ಜನವರಿ 1ರಂದು ಕೊನೆಗೊಂಡಿತು. ಆದರೂ ಹಳೆಯ ಪುಸ್ತಕಗಳು ಅನೇಕರ ಕೈಯಲ್ಲಿವೆ. ಅವುಗಳಲ್ಲಿ ಪ್ರಿಂಟ್ ಆದೇಶದ ಮುಂದೆ ಆವರಣ ಚಿಹ್ನೆ ಇರುವುದಿಲ್ಲ. ಹೊಸ ಆವೃತ್ತಿ ಅದನ್ನು ಒಪ್ಪುವುದಿಲ್ಲ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸ ಭಾಗಾಕಾರದಲ್ಲಿದೆ. ಹಳೆಯ ಆವೃತ್ತಿಯಲ್ಲಿ 7 / 2 ಎಂದರೆ 3, ಹೊಸದರಲ್ಲಿ 3.5. ಹಳೆಯ ಪ್ರೋಗ್ರಾಂ ಒಂದನ್ನು ಹೊಸ ಗಣಕಕ್ಕೆ ವರ್ಗಾಯಿಸುವವರು ಪ್ರತಿಯೊಂದು ಭಾಗಾಕಾರವನ್ನೂ ಮರುಪರಿಶೀಲಿಸತಕ್ಕದ್ದು.

2. ದೋಷ ಸಂದೇಶವನ್ನು ಹೇಗೆ ಓದಬೇಕು?

ಕೆಳಗಿನಿಂದ ಮೇಲಕ್ಕೆ. ಕೊನೆಯ ಸಾಲಿನಲ್ಲಿ ದೋಷದ ಬಗೆಯೂ ಅದರ ಮೇಲೆ ಸಾಲಿನ ಸಂಖ್ಯೆಯೂ ಇರುತ್ತವೆ. ಸೂಚಿಸಿದ ಸಾಲು ಸರಿಯಾಗಿಯೇ ಕಂಡರೆ ಅದರ ಹಿಂದಿನ ಸಾಲನ್ನು ನೋಡಬೇಕು. ಅಲ್ಲಿ ಆವರಣವೋ ಉದ್ಧರಣ ಚಿಹ್ನೆಯೋ ಮುಚ್ಚದೆ ಉಳಿದಿರಬಹುದು. ದೊಡ್ಡಕ್ಷರ ಮತ್ತು ಸಣ್ಣಕ್ಷರಗಳು ಪೈಥಾನ್‌ಗೆ ಬೇರೆ ಬೇರೆ. ಬೆಲೆಯನ್ನು ನಮೂದಿಸಲು = ಚಿಹ್ನೆ, ಎರಡು ಬೆಲೆಗಳು ಸಮವೇ ಎಂದು ಕೇಳಲು == ಚಿಹ್ನೆ. ಇಂತಹ ತಪ್ಪುಗಳು ಮೊದಲ ವಾರದಲ್ಲಿ ಎಲ್ಲರಿಂದಲೂ ಆಗುತ್ತವೆ, ಅದಕ್ಕಾಗಿ ಎದೆಗುಂದಬೇಕಾಗಿಲ್ಲ.

3. ಸಾಲಿನ ಆರಂಭದ ಖಾಲಿ ಜಾಗಕ್ಕೆ ಇಷ್ಟು ಮಹತ್ವವೇಕೆ?

ಬೇರೆ ಹಲವು ಭಾಷೆಗಳಲ್ಲಿ ಆವರಣಗಳು ಮಾಡುವ ಕೆಲಸವನ್ನು ಪೈಥಾನ್‌ನಲ್ಲಿ ಸಾಲಿನ ಎಡಗಡೆಯ ಖಾಲಿ ಜಾಗ ಮಾಡುತ್ತದೆ. 30 ಬಿಲ್ಲುಗಳನ್ನು ಒಂದೊಂದಾಗಿ ಓದಿ ಒಟ್ಟು ಮೊತ್ತಕ್ಕೆ ಸೇರಿಸುವ ಆವರ್ತನೆಯನ್ನು ಬರೆದಿದ್ದೀರೆಂದು ಭಾವಿಸಿ. 'ಮೊತ್ತಕ್ಕೆ ಸೇರಿಸು' ಎಂಬ ಸಾಲು ಎಡಕ್ಕೆ ಸರಿದರೆ ಅದು ಆವರ್ತನೆಯ ಹೊರಗೆ ಬೀಳುತ್ತದೆ. ಆಗ 30 ಬಿಲ್ಲುಗಳನ್ನೂ ಓದಿದ ನಂತರ ಕೊನೆಯ ಬಿಲ್ಲೊಂದೇ ಮೊತ್ತಕ್ಕೆ ಸೇರುತ್ತದೆ. ದೋಷ ಸಂದೇಶವೇನೂ ಬರುವುದಿಲ್ಲ. ಪ್ರತಿ ಹಂತಕ್ಕೂ ನಾಲ್ಕು ಖಾಲಿ ಸ್ಥಳ ಬಿಡುವುದು ರೂಢಿ. ಟ್ಯಾಬ್ ಕೀಲಿ ಮತ್ತು ಖಾಲಿ ಸ್ಥಳಗಳನ್ನು ಬೆರೆಸಬಾರದು.

4. 250 ಮತ್ತು 45 ಕೂಡಿಸಿದರೆ 25045 ಆಗುವುದೇಕೆ?

ಇದು ಆರಂಭಿಕರ ಅತ್ಯಂತ ಸಾಮಾನ್ಯ ಪ್ರಶ್ನೆ. ಲಾರಿ ಬಾಡಿಗೆ 250 ರೂಪಾಯಿ, ಹಮಾಲಿ 45 ರೂಪಾಯಿ ಎಂದು ಕೀಲಿಮಣೆಯಿಂದ ನಮೂದಿಸಿದಾಗ ಇನ್‌ಪುಟ್ ಆದೇಶವು ಅವುಗಳನ್ನು ಸಂಖ್ಯೆಯಾಗಿ ಅಲ್ಲ, ಪಠ್ಯವಾಗಿ ಸ್ವೀಕರಿಸುತ್ತದೆ. ಪಠ್ಯಗಳನ್ನು ಕೂಡಿಸುವುದೆಂದರೆ ಒಂದರ ಪಕ್ಕ ಇನ್ನೊಂದನ್ನು ಜೋಡಿಸುವುದು. ಆದ್ದರಿಂದ 295ರ ಬದಲು 25045 ಬರುತ್ತದೆ. ಪಠ್ಯವನ್ನು ಮೊದಲು ಸಂಖ್ಯೆಯಾಗಿ ಪರಿವರ್ತಿಸಿದ ನಂತರವೇ ಲೆಕ್ಕ ಮಾಡಬೇಕು. ಪಠ್ಯವಾಗಿ ಉಳಿದ ಅಂಕಿಗಳನ್ನು ಕ್ರಮವಾಗಿ ಜೋಡಿಸಿದರೂ ಎಡವಟ್ಟಾಗುತ್ತದೆ. ಮೊದಲ ಅಕ್ಷರ ಚಿಕ್ಕದೆಂಬ ಕಾರಣಕ್ಕೆ 100 ಎಂಬುದು 25ಕ್ಕಿಂತ ಮುಂಚೆ ಬರುತ್ತದೆ.

5. ಹಾಗಾದರೆ ಎಲ್ಲ ಅಂಕಿಗಳನ್ನೂ ಸಂಖ್ಯೆಯಾಗಿ ಪರಿವರ್ತಿಸಬಹುದೇ?

ಕೂಡದು. ಅಂಕಿಗಳಲ್ಲಿ ಬರೆದದ್ದೆಲ್ಲವೂ ಲೆಕ್ಕದ ಸಂಖ್ಯೆಯಲ್ಲ. ಕಾಫಿಯ ಎಚ್‌ಎಸ್‌ಎನ್ ಸಂಕೇತ 0901. ಇದನ್ನು ಸಂಖ್ಯೆಯಾಗಿ ಪರಿವರ್ತಿಸಿದರೆ ಮೊದಲ ಸೊನ್ನೆ ಅಳಿದು 901 ಉಳಿಯುತ್ತದೆ, ಅಂದರೆ ಸಂಕೇತವೇ ತಪ್ಪಾಗುತ್ತದೆ. ಸರಳ ನಿಯಮ ಹೀಗಿದೆ: ಕೂಡಿಸಿ ಕಳೆಯುವಂತಹುದು ಸಂಖ್ಯೆ, ಎಚ್‌ಎಸ್‌ಎನ್ ಸಂಕೇತ, ದೂರವಾಣಿ ಸಂಖ್ಯೆ, ಪಿನ್‌ಕೋಡ್, ಬ್ಯಾಂಕ್ ಖಾತೆಯ ಸಂಖ್ಯೆ ಇವೆಲ್ಲವೂ ಪಠ್ಯ.

6. ರೂಪಾಯಿ ಪೈಸೆಗಳ ಲೆಕ್ಕ ತಾಳೆಯಾಗದಿರುವುದೇಕೆ?

ಪೈಥಾನ್‌ನಲ್ಲಿ 0.1 ಮತ್ತು 0.2 ಕೂಡಿಸಿದರೆ 0.30000000000000004 ಎಂದು ಬರುತ್ತದೆ. ಇದು ಭಾಷೆಯ ದೋಷವಲ್ಲ. ಗಣಕವು ದಶಮಾಂಶಗಳನ್ನು ದ್ವಿಮಾನ ಪದ್ಧತಿಯಲ್ಲಿ ಇಟ್ಟುಕೊಳ್ಳುತ್ತದೆ. ಮೂರನೆಯ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಹತ್ತನೆಯ ಒಂದು ಭಾಗವನ್ನು ದ್ವಿಮಾನದಲ್ಲಿ ಪೂರ್ಣವಾಗಿ ಬರೆಯಲಾಗದು.

ಇದಕ್ಕಿಂತ ಗಂಭೀರವಾದುದು ರೌಂಡ್ ಆದೇಶ. ಹೊರರಾಜ್ಯದ ಗಿರಾಕಿಗೆ 1025 ರೂಪಾಯಿಯ ಸರಕನ್ನು ಶೇಕಡ 18ರ ತೆರಿಗೆಯೊಂದಿಗೆ ಮಾರಿದರೆ ತೆರಿಗೆ 184.50 ರೂಪಾಯಿ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯ್ದೆ, 2017ರ ಕಲಂ 170ರಂತೆ 50 ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮುಂದಿನ ರೂಪಾಯಿಗೆ ಏರಿಸಬೇಕು, ಅಂದರೆ 185. ಆದರೆ ಪೈಥಾನ್ 3ರ ರೌಂಡ್ ಆದೇಶ 184 ಎಂದು ಕೊಡುತ್ತದೆ! ಸರಿಯಾಗಿ ಅರ್ಧವಿದ್ದಾಗ ಸಮೀಪದ ಸಮಸಂಖ್ಯೆಗೆ ಹೊಂದಿಸುವುದು ಅದರ ನಿಯಮ. ಅದೇ ಆದೇಶ 185.50ನ್ನು 186 ಎಂದು ಕೊಡುವುದರಿಂದ, ಒಂದೆರಡು ಬಿಲ್ಲುಗಳನ್ನು ಪರೀಕ್ಷಿಸಿದವರಿಗೆ ತಪ್ಪು ಕಾಣದೇ ಹೋಗಬಹುದು.

ಪರಿಹಾರವೆಂದರೆ ಹಣದ ಲೆಕ್ಕಕ್ಕೆ ಪೈಥಾನ್ ಜೊತೆಗೇ ಬರುವ ಡೆಸಿಮಲ್ ಸಂಗ್ರಹವನ್ನು ಬಳಸುವುದು. ಮೊತ್ತವನ್ನು ಉದ್ಧರಣ ಚಿಹ್ನೆಗಳೊಳಗೆ ಪಠ್ಯವಾಗಿಯೇ ಅದಕ್ಕೆ ಕೊಡಬೇಕು. ಇಲ್ಲವಾದರೆ ಹಳೆಯ ದೋಷವೇ ಒಳಗೆ ಬರುತ್ತದೆ. ಅರ್ಧವನ್ನು ಮೇಲಕ್ಕೆ ಏರಿಸುವ 'ರೌಂಡ್ ಹಾಫ್ ಅಪ್' ಎಂಬ ವಿಧಾನ ಅದರಲ್ಲಿದೆ. ಇನ್ನೊಂದು ದಾರಿ, ಎಲ್ಲವನ್ನೂ ಪೈಸೆಗಳ ಪೂರ್ಣ ಸಂಖ್ಯೆಯಲ್ಲಿಡುವುದು. 18450 ಪೈಸೆಗೆ 50 ಸೇರಿಸಿ, ಪೂರ್ಣಾಂಕ ಭಾಗಾಕಾರದ // ಚಿಹ್ನೆಯಿಂದ 100ರಲ್ಲಿ ಭಾಗಿಸಿದರೆ 185 ಬರುತ್ತದೆ. ಎರಡರಲ್ಲಿ ಯಾವುದನ್ನು ಅನುಸರಿಸಿದರೂ, ಸರಿಹೊಂದಿಸುವ ಕೆಲಸವನ್ನು ನಡುನಡುವೆ ಮಾಡದೆ ಕೊನೆಯಲ್ಲಿ ಒಮ್ಮೆ ಮಾತ್ರ ಮಾಡಬೇಕು. ವ್ಯಾಂಕೂವರ್ ಕಲಿಸಿದ ಪಾಠವೂ ಇದೇ.

7. ವಾರ್ಷಿಕ ಲೆಕ್ಕದಲ್ಲಿ ಮಾರ್ಚ್ ತಿಂಗಳು ಬಿಟ್ಟುಹೋಗುವುದೇಕೆ?

ರೇಂಜ್ ಆದೇಶಕ್ಕೆ 1 ಮತ್ತು 12 ಎಂದು ಕೊಟ್ಟರೆ ಅದು 1ರಿಂದ 11ರವರೆಗೆ ಮಾತ್ರ ಎಣಿಸುತ್ತದೆ. ಕೊನೆಯ ಅಂಕಿ ಸೇರುವುದಿಲ್ಲ. ಏಪ್ರಿಲ್‌ನಿಂದ ಆರಂಭವಾಗುವ ಹಣಕಾಸು ವರ್ಷದಲ್ಲಿ ಹನ್ನೆರಡನೆಯ ತಿಂಗಳೇ ಮಾರ್ಚ್. ಹನ್ನೆರಡು ತಿಂಗಳೂ ಬೇಕಾದರೆ 1 ಮತ್ತು 13 ಎಂದು ಕೊಡಬೇಕು. ಹಾಗೆಯೇ ಪಟ್ಟಿಯ ಮೊದಲ ಅಂಶದ ಕ್ರಮಾಂಕ 1 ಅಲ್ಲ, 0 ಎಂಬುದನ್ನು ಮರೆಯಬಾರದು.

8. ಹೊಸ ದರ ಬರೆದಾಗ ಹಳೆಯ ದರಪಟ್ಟಿಯೂ ಬದಲಾಗುವುದೇಕೆ?

ಹೊಸದರ = ಹಳೆದರ ಎಂದು ಬರೆದರೆ ಪಟ್ಟಿಯ ನಕಲು ತಯಾರಾಗುವುದಿಲ್ಲ. ಒಂದೇ ಪಟ್ಟಿಗೆ ಎರಡು ಹೆಸರುಗಳಾಗುತ್ತವೆ, ಅಷ್ಟೆ. ಒಂದೇ ಉಗ್ರಾಣದ ಎರಡು ಬಾಗಿಲುಗಳಿಗೆ ಬೇರೆ ಬೇರೆ ಫಲಕ ತೂಗುಹಾಕಿದಂತೆ. ಯಾವ ಬಾಗಿಲಿನಿಂದ ಮಾಲು ಹೊರತೆಗೆದರೂ ಕಡಿಮೆಯಾಗುವುದು ಅದೇ ದಾಸ್ತಾನು. ಹಳೆಯ ದರ ಉಳಿಯಬೇಕಾದರೆ ಕಾಪಿ ಆದೇಶದಿಂದ ಪ್ರತ್ಯೇಕ ನಕಲು ಮಾಡಿಕೊಳ್ಳಬೇಕು. ಪಟ್ಟಿಯೊಳಗೆ ಮತ್ತೆ ಪಟ್ಟಿಗಳಿದ್ದರೆ ಡೀಪ್‌ಕಾಪಿ ಅಗತ್ಯ.

9. ಕಡತಗಳ ವಿಷಯದಲ್ಲಿ ವಹಿಸಬೇಕಾದ ಎಚ್ಚರಿಕೆ ಏನು?

ಕಡತವನ್ನು ತೆರೆಯುವಾಗ 'ಡಬ್ಲ್ಯು' ಎಂಬ ವಿಧಾನವನ್ನು ಕೊಟ್ಟರೆ, ಅದರಲ್ಲಿದ್ದ ಬರಹವೆಲ್ಲವೂ ತೆರೆದ ಕ್ಷಣದಲ್ಲಿಯೇ ಅಳಿದುಹೋಗುತ್ತದೆ. ಇಂದಿನ ಒಂದು ಸಾಲನ್ನು ಸೇರಿಸಲು ಹೋಗಿ ಇಡೀ ವರ್ಷದ ರೋಜುಕಿರ್ದಿಯನ್ನೇ ಕಳೆದುಕೊಳ್ಳುವ ಅಪಾಯವಿದೆ. ಕೊನೆಗೆ ಸೇರಿಸಲು 'ಎ' ವಿಧಾನವನ್ನು ಬಳಸಬೇಕು. ಮೂಲ ಕಡತದ ಮೇಲೆ ಎಂದಿಗೂ ಪ್ರಯೋಗ ಮಾಡಬಾರದು. ನಕಲಿನ ಮೇಲೆಯೇ ಮಾಡಬೇಕು. ಗಿರಾಕಿಗಳ ಹೆಸರುಗಳು ಕನ್ನಡದಲ್ಲಿದ್ದರೆ ಯುಟಿಎಫ್-8 ಸಂಕೇತ ಪದ್ಧತಿಯನ್ನು ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲದಿದ್ದರೆ ವಿಂಡೋಸ್ ಗಣಕಗಳಲ್ಲಿ ಹೆಸರುಗಳು ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು.

10. ದೋಷ ಬಂದರೆ ಬಿಟ್ಟು ಮುಂದುವರಿ ಎಂದು ಹೇಳಬಹುದೇ?

ಟ್ರೈ ಮತ್ತು ಎಕ್ಸೆಪ್ಟ್ ಆದೇಶಗಳಿಂದ ಹಾಗೆ ಹೇಳಲು ಸಾಧ್ಯ, ಆದರೆ ಹಾಗೆ ಹೇಳಬಾರದು. ಒಂದು ಬಿಲ್ಲಿನ ಮೊತ್ತದ ಜಾಗದಲ್ಲಿ 'ಬಾಕಿ' ಎಂದು ಬರೆದಿದ್ದರೆ ಅದನ್ನು ಸಂಖ್ಯೆಯಾಗಿ ಪರಿವರ್ತಿಸಲಾಗದು. ದೋಷವನ್ನು ಮುಚ್ಚಿದ ಪ್ರೋಗ್ರಾಂ ಆ ಬಿಲ್ಲನ್ನು ಸದ್ದಿಲ್ಲದೆ ಕೈಬಿಟ್ಟು ಮೊತ್ತವನ್ನು ಮುದ್ರಿಸುತ್ತದೆ. ತಪ್ಪಿದ ಲೆಕ್ಕವನ್ನು ಧಣಿಯಿಂದ ಮರೆಮಾಚುವ ಗುಮಾಸ್ತನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ. ಕೈಬಿಟ್ಟ ಪ್ರತಿಯೊಂದು ಬಿಲ್ಲಿನ ಸಂಖ್ಯೆಯನ್ನೂ ಪ್ರತ್ಯೇಕ ಪಟ್ಟಿಯಲ್ಲಿ ಮುದ್ರಿಸುವಂತೆ ಬರೆಯುವುದು ಕ್ಷೇಮ.

ಬಳಕೆಗೆ ಮುನ್ನ

ಪ್ರೋಗ್ರಾಂ ಒಂದನ್ನು ವ್ಯವಹಾರಕ್ಕೆ ತರುವ ಮೊದಲು ಈ ಕ್ರಮವನ್ನು ಅನುಸರಿಸುವುದು ಒಳಿತು. ಹಿಂದಿನ ತಿಂಗಳ ಹತ್ತು ಬಿಲ್ಲುಗಳನ್ನು ಆರಿಸಿ ಕೈಯಿಂದ ಲೆಕ್ಕ ಹಾಕಿ. ಅವುಗಳಲ್ಲಿ 50 ಪೈಸೆಗೆ ಮುಗಿಯುವ ತೆರಿಗೆಯ ಬಿಲ್ಲು, ಸೊನ್ನೆಯಿಂದ ಆರಂಭವಾಗುವ ಸಂಕೇತವುಳ್ಳ ಬಿಲ್ಲು ಮತ್ತು ತಿಂಗಳ ಕೊನೆಯ ದಿನದ ಬಿಲ್ಲು ತಲಾ ಒಂದಾದರೂ ಇರಲಿ. ನಂತರ ಪ್ರೋಗ್ರಾಂ ಕೊಡುವ ಉತ್ತರದೊಂದಿಗೆ ತಾಳೆ ನೋಡಿ. ಓದಿದ ಬಿಲ್ಲುಗಳ ಸಂಖ್ಯೆಯನ್ನೂ ಮೊತ್ತದ ಜೊತೆಗೆ ಮುದ್ರಿಸುವಂತೆ ಮಾಡಿ. ಎರಡು ತಿಂಗಳ ಕಾಲ ಹಳೆಯ ಪದ್ಧತಿಯನ್ನೂ ಹೊಸದನ್ನೂ ಜೊತೆಜೊತೆಯಾಗಿ ನಡೆಸಿ. ತೆರಿಗೆಗೆ ಸಂಬಂಧಿಸಿದ ಅಂಕಿಗಳನ್ನು ಲೆಕ್ಕ ಪರಿಶೋಧಕರಿಗೆ ತೋರಿಸಿದ ನಂತರವೇ ಸಲ್ಲಿಸಿ.

ದಿನದ ಕೊನೆಗೆ ಪೆಟ್ಟಿಗೆಯ ಹಣವನ್ನು ಎಣಿಸಿ ಕಿರ್ದಿಯ ಶಿಲ್ಕಿನೊಂದಿಗೆ ಹೋಲಿಸಿದ ಮೇಲೆಯೇ ಬಾಗಿಲು ಹಾಕುವುದು ನಮ್ಮ ಹಿರಿಯ ವ್ಯಾಪಾರಸ್ಥರ ಪದ್ಧತಿಯಾಗಿತ್ತು. ಲೆಕ್ಕ ಬರೆದವನು ಮಗನೇ ಆಗಿದ್ದರೂ ಈ ನಿಯಮಕ್ಕೆ ವಿನಾಯಿತಿ ಇರಲಿಲ್ಲ. ಗಣಕಯಂತ್ರಕ್ಕೂ ವಿನಾಯಿತಿ ಕೊಡಬೇಕಾಗಿಲ್ಲ.