ಔಷಧ ಸಿಂಪಡಿಸಿದ ತರುವಾಯ ತಿಗಣೆಯ ನಿವಾರಣೆ

ಮನೆಗೆ ಒಂದಾವರ್ತಿ ಔಷಧವನ್ನು ಸಿಂಪಡಿಸಿದೊಡನೆ ತಿಗಣೆಯ ಕಾಟವು ತೀರಿತೆಂದು ಹಲವರು ಭಾವಿಸುವರು. ಎರಡು ವಾರಗಳ ಮೇಲೆ ಅದು ಪುನಃ ಕಾಣಿಸಿದರೆ, ಔಷಧವು ನಿಷ್ಫಲವೆಂದು ಬಗೆದು, ಬೆಳೆಗೂ ಧಾನ್ಯಕ್ಕೂ ತಂದಿಟ್ಟ ವಿಷವನ್ನೇ ಮಲಗುವ ಕೋಣೆಗೆ ಹಾಕುವವರೂ ಉಂಟು. ಇದು ಪ್ರಾಣಾಪಾಯಕರವು.

ಪುನಃ ಕಾಣಿಸುವ ಕಾರಣ.— ತಿಗಣೆಯ ಮೊಟ್ಟೆಯು ಬಿಳುಪಾಗಿ, ಸುಮಾರು 1 ಮಿಲಿಮೀಟರ್ ಉದ್ದವಾಗಿದ್ದು, ಮಂಚದ ಸಂದುಗಳಲ್ಲಿಯೂ ಗೋಡೆಯ ಬಿರುಕುಗಳಲ್ಲಿಯೂ ಅಂಟಿಕೊಂಡಿರುವುದು. ಸಿಂಪಡಿಸಿದ ಔಷಧವು ಅನೇಕ ವೇಳೆ ಮೊಟ್ಟೆಯನ್ನು ಕೊಲ್ಲಲಾರದು. ಸೆಕೆಗಾಲದಲ್ಲಿ 6 ರಿಂದ 10 ದಿನಗಳಲ್ಲಿಯೂ, ಚಳಿಯಲ್ಲಿ ಇನ್ನೂ ತಡವಾಗಿಯೂ ಅದು ಒಡೆದು ಮರಿಯು ಹೊರಬರುವುದು. ಮರಿಯು ರಕ್ತವನ್ನು ಹೀರುತ್ತ, 5 ಸಾರಿ ಪೊರೆ ಬಿಟ್ಟು ಬೆಳೆದ ಮೇಲೆಯೇ ಮೊಟ್ಟೆಯಿಡುವುದು. ಅದಕ್ಕೆ ಮುಂಚೆ, ಅಂದರೆ ಮೊದಲನೆಯ ಸಿಂಪಡಣೆಯಾದ ಸುಮಾರು 2 ವಾರಗಳಿಗೆ, ಎರಡನೆಯ ಸಿಂಪಡಣೆಯನ್ನು ತಪ್ಪದೆ ಮಾಡಿಸತಕ್ಕದ್ದು.

ಡಿ.ಡಿ.ಟಿ.ಗೆ ಸಾಯದ ತಿಗಣೆಗಳು 1947ರಲ್ಲಿಯೇ ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಕಂಡುಬಂದುವು. ಈಗ ಪೈರಿತ್ರಾಯ್ಡ್ ವರ್ಗದ ಔಷಧಗಳನ್ನು ಸಹಿಸುವ ತಿಗಣೆಗಳೂ ಇವೆ. ಆದುದರಿಂದ ಔಷಧದ ಪ್ರಮಾಣವನ್ನು ಹೆಚ್ಚಿಸಿ ಫಲವಿಲ್ಲ. ಶಾಖದ ಸಹಾಯವನ್ನು ಪಡೆಯಬೇಕು.

ಮಾಡತಕ್ಕ ಕೆಲಸಗಳು.—

1. ಔಷಧವು ಒಣಗಿ, ಕೋಣೆಗೆ ಗಾಳಿಯಾಡಿದ ಮೇಲೆ ಎಂದಿನ ಸ್ಥಳದಲ್ಲಿಯೇ ಮಲಗಬೇಕು. ಹಾಸಿಗೆಯನ್ನು ನಡುಮನೆಗೋ ಜಗಲಿಗೋ ಒಯ್ದರೆ ತಿಗಣೆಯೂ ಅಲ್ಲಿಗೆ ಹೋಗುವುದು. ಮನೆಯನ್ನು ಬರಿದು ಬಿಟ್ಟರೂ ಫಲವಿಲ್ಲ. ಆಹಾರವಿಲ್ಲದೆ ಅದು ತಿಂಗಳುಗಟ್ಟಲೆ ಬದುಕಬಲ್ಲದು.

2. ಸುಮಾರು 50 ಡಿಗ್ರಿ ಸೆಂಟಿಗ್ರೇಡ್ ಶಾಖವು ತಗುಲಿದರೆ ತಿಗಣೆಯೂ ಮೊಟ್ಟೆಯೂ ಸಾಯುವುವು. ಹೊದಿಕೆ, ದಿಂಬಿನ ಚೀಲ, ನವಾರು ಇವುಗಳನ್ನು ಕುದಿಯುವ ನೀರಿನಲ್ಲಿ ಅದ್ದಬೇಕು. ಬರಿಯ ಬಿಸಿಲು ಸಾಲದು. ತಿಗಣೆಯು ನೆರಳಿನ ಮಗ್ಗುಲಿಗೆ ಸರಿದು ಉಳಿಯುವುದು.

3. ಎರಡನೆಯ ಸಿಂಪಡಣೆಯ ಹಿಂದಿನ ದಿನ ಮರದ ಮಂಚದ ಸಂದುಗಳಿಗೆ ಕುದಿಯುವ ನೀರನ್ನು ಹೊಯ್ದು ಒಣಗಿಸಬೇಕು. ಸಿಂಪಡಿಸಿದ ಮೇಲೆ ಗೋಡೆಯನ್ನು ತೊಳೆಯಕೂಡದು.

4. ಮಂಚವು ಗೋಡೆಗೆ ತಾಗದಂತೆಯೂ, ಹೊದಿಕೆಯು ನೆಲಕ್ಕೆ ಇಳಿಯದಂತೆಯೂ ನೋಡಿಕೊಳ್ಳಬೇಕು.

ಮಾಡಕೂಡದ ಕೆಲಸಗಳು.— ಧಾನ್ಯದ ಹುಳುವಿಗೆ ಬಳಸುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ವಾಸದ ಮನೆಯಲ್ಲಿ ಎಂದಿಗೂ ಇಡಕೂಡದು. ಗಾಳಿಯ ತೇವವು ತಗುಲಿದೊಡನೆ ಅದರಿಂದ ಫಾಸ್ಫೀನ್ ಎಂಬ ವಿಷವಾಯುವು ಹೊರಟು, ಗೋಡೆಯ ಬಿರುಕಿನ ಮೂಲಕ ಪಕ್ಕದ ಕೋಣೆಗೂ ನುಗ್ಗುವುದು. ಅದಕ್ಕೆ ಪ್ರತಿವಿಷವಿಲ್ಲ. ಇದರಿಂದ ನಿದ್ರಿಸುತ್ತಿದ್ದ ಮಕ್ಕಳು ಮಡಿದ ಪ್ರಸಂಗಗಳು ನಮ್ಮ ದೇಶದಲ್ಲಿ ನಡೆದಿವೆ. ಬೆಳೆಗೆ ಹೊಡೆಯುವ ಔಷಧವನ್ನು ಹಾಸಿಗೆಗೆ ಹಾಕಕೂಡದು. ಸೀಮೆಎಣ್ಣೆಯಿಂದ ಬೆಂಕಿಯ ಅಪಾಯವುಂಟು.

ಊರಿನ ಮುಖಂಡರಿಗೆ.— ತಿಗಣೆಯು ಸಿರಿವಂತನ ಮನೆಗೂ ಪ್ರಯಾಣದ ಗಂಟಿನೊಡನೆ ಬರುವುದು. ಅದನ್ನು ಮುಚ್ಚಿಡುವುದರಿಂದ ನೆರೆಯವರಿಗೂ ಕೇಡು. ಒಂದೇ ಗೋಡೆಯ ಮನೆಗಳಿಗೆ ಒಂದೇ ದಿನ ಸಿಂಪಡಣೆಯಾಗುವಂತೆ ಮುಖಂಡರು ಏರ್ಪಡಿಸಿದರೆ ವೆಚ್ಚವೂ ಶ್ರಮವೂ ಉಳಿಯುವುವು.

ತರುವಾಯ ವಾರಕ್ಕೊಂದಾವರ್ತಿ ದೀಪವನ್ನು ಹಿಡಿದು ಸಂದುಗಳನ್ನು ಪರೀಕ್ಷಿಸಬೇಕು. ಹೊಸ ಕಪ್ಪುಚುಕ್ಕೆಯಾಗಲಿ ಪೊರೆಯಾಗಲಿ ಕಡಿತವಾಗಲಿ ಇಲ್ಲದೆ 2 ತಿಂಗಳು ಕಳೆದ ಮೇಲೆ ಬಿರುಕುಗಳನ್ನು ಗಾರೆಯಿಂದ ಮುಚ್ಚಬಹುದು.