ಟೀಚರ್, ರಾಜೀನಾಮೆ ಬರೆಯಬೇಡಿ

ಪ್ರಶ್ನೆ: ನನಗೆ 50 ವರ್ಷ. ಮುಂಬಯಿಯ ಒಂದು ಅನುದಾನಿತ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ 1999ರಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಸೇರಿದಾಗ ಹತ್ತನೆಯ ತರಗತಿಗೆ ಎರಡು ಡಿವಿಜನ್ ಇತ್ತು. ಹೆಚ್ಚಿನವರು ಹೋಟೆಲಿನವರ ಮಕ್ಕಳು. ಈಗ ಒಂದೂ ತುಂಬುವುದಿಲ್ಲ. ಬರುವವರು ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಮಕ್ಕಳ ಸಂಖ್ಯೆ ನೋಡಿ ಹುದ್ದೆ ಮಂಜೂರು ಮಾಡುವ ಈ ಸಲದ ಸಂಚಮಾನ್ಯತೆಯಲ್ಲಿ ನಾನು ಸರ್‌ಪ್ಲಸ್ ಆಗಬಹುದೆಂದು ಹೆಡ್‌ಮಾಸ್ಟರ್ ಹೇಳಿದ್ದಾರೆ. ಠಾಣೆಯ ಒಂದು ಕೋಚಿಂಗ್ ಕ್ಲಾಸಿನವರು ಕರೆಯುತ್ತಿದ್ದಾರೆ, ತಿಂಗಳೊಳಗೆ ಉತ್ತರ ಬೇಕಂತೆ. ಇದಕ್ಕಿಂತ ಹೆಚ್ಚು ಕೊರೆಯುವುದು ಇನ್ನೊಂದು. ನನ್ನ ಮಗಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ, ಈ ಮಕ್ಕಳಿಗೆ ಕನ್ನಡದಲ್ಲಿ ವಿಜ್ಞಾನ ಹೇಳಿದೆ. ಹನ್ನೊಂದನೆಯ ಸೈನ್ಸಿಗೆ ಹೋದ ಕೆಲವರು ಇಂಗ್ಲಿಷ್ ತಿಳಿಯದೆ ಕಾಮರ್ಸಿಗೆ ಹೋದರು. ನಾನು ಅವರಿಗೆ ಮೋಸ ಮಾಡಿದೆನೇ?
— ವಿಜ್ಞಾನದ ಟೀಚರ್, ಡೊಂಬಿವಲಿ

ಉತ್ತರ: ಟೀಚರ್, ನಿಮ್ಮ ಕಾಗದದಲ್ಲಿ ಎರಡು ಸಂಕಟಗಳು ಗಂಟುಬಿದ್ದಿವೆ. ಹುದ್ದೆ ಹೋದೀತೆಂಬ ಭಯ ಒಂದು, ಮಾಡಿದ ಕೆಲಸವೇ ಸುಳ್ಳಾಯಿತೇನೋ ಎಂಬ ಅಳುಕು ಇನ್ನೊಂದು. ಎರಡೂ ಸೇರಿದ್ದರಿಂದಲೇ ಕೋಚಿಂಗ್‌ನವರ ಕರೆ ನಿಮಗೆ ಬಿಡುಗಡೆಯ ಹಾಗೆ ಕಾಣುತ್ತಿದೆ. ಮೊದಲು ದುಡ್ಡಿನ ಮಾತು ಮುಗಿಸೋಣ.

ನೀವು 2005ರ ನವೆಂಬರ್ 1ಕ್ಕಿಂತ ಮೊದಲು ಸೇರಿದವರು. ಆಗಲೇ ನಿಮ್ಮ ಹುದ್ದೆಗೆ ಪೂರ್ತಿ ಅನುದಾನವಿದ್ದರೆ ನಿಮ್ಮದು ಹಳೆಯ ಪೆನ್ಶನ್. ಆ ಒಂದು ತಾರೀಖಿನ ಆಚೆಗೆ ಬಿದ್ದವರು ಅದಕ್ಕಾಗಿ ಎಷ್ಟು ಮೋರ್ಚಾ ತೆಗೆದಿದ್ದಾರೆಂದು ಸ್ಟಾಫ್‌ರೂಮಿನಲ್ಲೇ ಕೇಳಿರುತ್ತೀರಿ. ಮಹಾರಾಷ್ಟ್ರದ 1982ರ ಪೆನ್ಶನ್ ನಿಯಮಗಳ ಪ್ರಕಾರ, ರಾಜೀನಾಮೆ ಕೊಟ್ಟವರ ಹಿಂದಿನ ಸೇವೆ ಲೆಕ್ಕದಿಂದಲೇ ಹೋಗುತ್ತದೆ. 20 ವರ್ಷ ಅರ್ಹ ಸೇವೆ ಮುಗಿಸಿದವರು ಮೂರು ತಿಂಗಳ ನೋಟಿಸ್ ಕೊಟ್ಟು ಸ್ವಯಂನಿವೃತ್ತಿ ಪಡೆದರೆ ಪೆನ್ಶನ್ ಉಳಿಯುತ್ತದೆ. ಬಿಡುವುದೇ ಆದರೆ ಬಿಡಿ, ಅದರಲ್ಲಿ ತಪ್ಪೇನಿಲ್ಲ. ಸಂಬಳ ಹೆಚ್ಚು ಬೇಕೆನ್ನುವುದು ಮೇಷ್ಟ್ರಿಗೆ ಮಾತ್ರ ಪಾಪ ಎಂದು ಯಾರು ಹೇಳಿದರೋ ನನಗೆ ಗೊತ್ತಿಲ್ಲ. ಆದರೆ ‘ರಾಜೀನಾಮೆ’ ಎಂದು ಬರೆದ ಹಾಳೆಗೆ ಮಾತ್ರ ಸಹಿ ಹಾಕಬೇಡಿ.

ಸರ್‌ಪ್ಲಸ್ ಆದರೂ ನಿಮ್ಮನ್ನು ಮನೆಗೆ ಕಳಿಸುವುದಿಲ್ಲ. ಕಾಯಂ ಶಿಕ್ಷಕರನ್ನು ಜಾಗ ಖಾಲಿ ಇರುವ ಇನ್ನೊಂದು ಅನುದಾನಿತ ಶಾಲೆಗೆ ಸಮಾಯೋಜನೆ ಮಾಡಬೇಕೆಂಬುದು ನಿಯಮ. ಆ ಶಾಲೆ ದೂರವಿರಬಹುದು, ಮರಾಠಿಯದ್ದಾಗಿರಬಹುದು, ಆದೇಶಕ್ಕಾಗಿ ಕಾಯಬೇಕಾಗಬಹುದು. ಇಷ್ಟು ವರ್ಷ ಡೊಂಬಿವಲಿ ಲೋಕಲಿನಲ್ಲಿ ಓಡಾಡಿದವರಿಗೆ ಮರಾಠಿ ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ. ಅದಕ್ಕೂ ಮುಂಚೆ ಒಂದು ಸಂಶಯ: ಇಷ್ಟು ಸೇವೆಯಾದ ನಿಮಗಿಂತ ಕಿರಿಯರು ಶಾಲೆಯಲ್ಲಿ ಯಾರೂ ಇಲ್ಲವೇ? ಸೇವಾಜ್ಯೇಷ್ಠತೆಯ ಪಟ್ಟಿ ಕೇಳಿ, ನಿಮ್ಮ ತಾರೀಖು, ವಿಷಯ ಸರಿಯಾಗಿದೆಯೇ ನೋಡಿ. ತಪ್ಪಿದ್ದರೆ ಬರಹದಲ್ಲಿ ಆಕ್ಷೇಪಣೆ ಕೊಟ್ಟು, ಅದರ ಒಂದು ಪ್ರತಿಯನ್ನು ಶಿಕ್ಷಣ ನಿರೀಕ್ಷಕರ ಕಚೇರಿಗೂ ತಲುಪಿಸಿ. ಹೆಡ್‌ಮಾಸ್ಟರ ಬಾಯಿಮಾತನ್ನು ಆದೇಶವೆಂದು ತಿಳಿಯಬೇಡಿ.

ಇನ್ನು ಮೋಸದ ಮಾತು. ಟಿಐಎಫ್‌ಆರ್ 1974ರಲ್ಲಿ ಶುರುಮಾಡಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಮಾನ್‌ಖುರ್ದ್‌ನಲ್ಲಿದೆ. ವಿ.ಜಿ. ಕುಲಕರ್ಣಿಯವರ ಮುಂದಾಳುತನದಲ್ಲಿ, 1980ರ ದಶಕದಲ್ಲಿ, ಅಲ್ಲಿನವರು ಮುಂಬಯಿ ಮುನಿಸಿಪಾಲಿಟಿ ಶಾಲೆಗಳ ಪರಿಶಿಷ್ಟ ಜಾತಿಯ ಮಕ್ಕಳ ಜೊತೆ ಕೆಲಸ ಮಾಡಿದರು. ಮಕ್ಕಳು ಎಡವುತ್ತಿದ್ದುದು ಬುದ್ಧಿ ಕಡಿಮೆಯಾಗಿ ಅಲ್ಲ, ಪಠ್ಯಪುಸ್ತಕದ ಭಾಷೆಯಲ್ಲಿ. ಓದಿದ್ದು ಅರ್ಥವಾಗುವಂತೆ ಮಾಡಿದಾಗ ಕಲಿಕೆಯೂ ಸುಧಾರಿಸಿತು. ನಿಮ್ಮ ಯಾದಗಿರಿಯ ಹುಡುಗ ಮನೆಯಲ್ಲಿ ತನ್ನ ಊರಿನ ಮಾತೋ ಲಂಬಾಣಿಯೋ ಆಡುತ್ತಾನೆ, ಬೀದಿಯಲ್ಲಿ ಹಿಂದಿ. ಬಾಲಭಾರತಿ ಪುಸ್ತಕದ ಕನ್ನಡ ಅವನಿಗೆ ಮೂರನೆಯ ಭಾಷೆ. ಆ ಪುಸ್ತಕವನ್ನು ಅವನ ಮಾತಿಗೆ ಇಳಿಸಿ, ದ್ಯುತಿಸಂಶ್ಲೇಷಣೆಯನ್ನು ಕಿಟಕಿಯ ಡಬ್ಬದಲ್ಲಿ ಬೆಳೆಸಿದ ಗಿಡದ ಮೇಲೆ ತೋರಿಸಿ, ಮಂಡಳಿ ಪರೀಕ್ಷೆಯ ವಿಜ್ಞಾನದ ಎರಡೂ ಪೇಪರು ದಾಟಿಸಿದ್ದು ಯಾರು? ಇದನ್ನು ಮೋಸ ಎನ್ನಲು ನಾನು ಸಿದ್ಧನಿಲ್ಲ.

ಆದರೆ ಹನ್ನೊಂದನೆಯಲ್ಲಿ ಕೆಲವರು ಸೋತದ್ದು ನಿಜ. ಅದನ್ನು ಸಮಾಧಾನದ ಮಾತಿನಿಂದ ಮುಚ್ಚಲಾರೆ. ಮರಾಠಿ ಶಾಲೆಗಳು ಸೆಮಿ ಇಂಗ್ಲಿಷ್ ಎಂದು ವಿಜ್ಞಾನ, ಗಣಿತವನ್ನು ಇಂಗ್ಲಿಷಿನಲ್ಲಿ ಹೇಳುತ್ತಿವೆ. ಅರ್ಥವಾಗದ ಮಕ್ಕಳಿಗೆ ಅದು ಬರೀ ಬಾಯಿಪಾಠವಾಗುವುದನ್ನೂ ಕಂಡಿದ್ದೇನೆ, ನನಗದರಲ್ಲಿ ಅಷ್ಟು ವಿಶ್ವಾಸವಿಲ್ಲ. ನಿಮ್ಮ ಕೈಯಲ್ಲಿರುವುದು ಹತ್ತನೆಯ ಪರೀಕ್ಷೆ ಮುಗಿದ ಮೇಲಿನ ಬಿಡುವು. ಸೈನ್ಸಿಗೆ ಹೋಗುವ ನಾಲ್ಕೈದು ಮಕ್ಕಳನ್ನು ಏಪ್ರಿಲ್‌ನಲ್ಲಿ ಕೂರಿಸಿ, ಹನ್ನೊಂದರ ಇಂಗ್ಲಿಷ್ ಭೌತಶಾಸ್ತ್ರದ ಮೊದಲ ಎರಡು ಪಾಠ ಓದಿಸಿ. ಚಿತ್ರದ ಹೆಸರು, ಏಕಮಾನ, ‘ವ್ಯಾಖ್ಯೆ ಬರೆಯಿರಿ’, ‘ಸಾಧಿಸಿ’ ಎಂಬ ಪ್ರಶ್ನೆಗಳ ಇಂಗ್ಲಿಷು, ಇಷ್ಟು ಸಾಕು. ಕನ್ನಡದಲ್ಲಿ ವಿಷಯ ಗೊತ್ತಿರುವವನಿಗೆ ಇದು ತಿಂಗಳ ಕೆಲಸ. ಈಗ ಕಾಲೇಜಿನಲ್ಲಿರುವ ನಿಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಹೇಳಿಕೊಟ್ಟರೆ ಇನ್ನೂ ಚೆನ್ನ.

ಮಗಳ ವಿಷಯಕ್ಕೆ ಬೇರೆ ಉತ್ತರವಿಲ್ಲ. ಈ ಊರಿನ ಕನ್ನಡ ಶಾಲೆಗಳ ಶಿಕ್ಷಕರಲ್ಲಿ ಹೆಚ್ಚಿನವರು ಮಾಡಿದ್ದನ್ನೇ ನೀವೂ ಮಾಡಿದಿರಿ. ಅದು ನಿಮ್ಮ ಮನೆಯ ತೀರ್ಮಾನ. ಶಾಲೆಯಲ್ಲಿ ಮಾಡಿದ ಪಾಠ ಅದರಿಂದ ಕೆಡುವುದಿಲ್ಲ.

ಕ್ಲಾಸಿನವರಿಗೆ, ನೋಟಿಸಿಗೇ ಮೂರು ತಿಂಗಳು ಬೇಕೆಂದು ಹೇಳಿ. ಅಲ್ಲಿಯವರೆಗೆ ಸಂಜೆ ಎರಡು ತಾಸು ಬಂದು ಹೋಗಿ ಅಂದರೆ ಒಪ್ಪಬೇಡಿ, ಶಿಕ್ಷಣ ಹಕ್ಕು ಕಾಯ್ದೆಯ 28ನೇ ಕಲಮು ಶಿಕ್ಷಕರ ಖಾಸಗಿ ಟ್ಯೂಷನ್ನನ್ನು ನಿಷೇಧಿಸಿದೆ. ತಿಂಗಳ ಸಂಬಳವೋ, ಲೆಕ್ಚರಿಗೆ ಇಷ್ಟು ಎಂಬ ಲೆಕ್ಕವೋ, ಬ್ಯಾಚ್ ಮುಗಿದ ಮೇಲೆ ಏಪ್ರಿಲ್, ಮೇ ತಿಂಗಳ ಗತಿ ಏನು, ಎಲ್ಲವನ್ನೂ ನೇಮಕಾತಿ ಪತ್ರದಲ್ಲಿ ಬರೆದುಕೊಡಲಿ. ಆ ಪತ್ರ ಕೈಗೆ ಬಂದ ಮೇಲೆ, ಸೇವಾಪುಸ್ತಕದ ಝೆರಾಕ್ಸ್ ಜೊತೆಗಿಟ್ಟುಕೊಂಡು ಪೆನ್ಶನ್ ವಿಷಯ ಬಲ್ಲ ಯಾರಾದರೂ ನಿವೃತ್ತ ಹೆಡ್‌ಕ್ಲಾರ್ಕ್ ಹತ್ತಿರ ಲೆಕ್ಕ ಹಾಕಿಸಿ.